ಪ್ರಸವಪ್ರೇರಣೆಯೂ ಮನೆಯೂ

ಗರ್ಭಿಣಿಗೆ ದಿನ ತುಂಬಿದ ಮೇಲೆ ಬೇನೆಯು ತಾನಾಗಿಯೇ ಬರುವುದು ಸೃಷ್ಟಿಕ್ರಮ. ಆದರೆ ದಿನ ಮೀರಿಯೂ ಬೇನೆ ಬಾರದಿದ್ದಾಗ, ಇಲ್ಲವೆ ರಕ್ತದ ಒತ್ತಡವೇರಿಯೋ, ಸಿಹಿಮೂತ್ರರೋಗದಿಂದಲೋ, ಶಿಶುವಿನ ಬೆಳವಣಿಗೆ ಕುಂಠಿತವಾಗಿಯೋ ಇನ್ನು ಕಾಯುವುದು ತರವಲ್ಲವೆಂದು ತೋರಿದಾಗ, ವೈದ್ಯರು ಔಷಧದಿಂದ ಅಥವಾ ಸಾಧನದಿಂದ ಬೇನೆಯನ್ನು ಬರಿಸುವುದುಂಟು. ಇದನ್ನು ಈ ಲೇಖನದಲ್ಲಿ ಪ್ರಸವಪ್ರೇರಣೆಯೆಂದು ಕರೆಯುತ್ತೇವೆ. ಬಹುಕಾಲ ಇದು ಮೊದಲಿನಿಂದ ಕೊನೆಯವರೆಗೆ ಆಸ್ಪತ್ರೆಯ ಹಾಸಿಗೆಯ ಮೇಲೆಯೇ ನಡೆಯುತ್ತಿದ್ದ ಕ್ರಿಯೆ. ಈಚೆಗೆ ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಡೆನ್ಮಾರ್ಕ್ ಮೊದಲಾದ ದೇಶಗಳಲ್ಲಿ ಅದರ ಮೊದಲ ಹಂತವನ್ನು ಮಾತ್ರ ಆಸ್ಪತ್ರೆಯಲ್ಲಿ ಆರಂಭಿಸಿ, ಗರ್ಭಿಣಿಯನ್ನು ಆ ದಿನವೇ ಮನೆಗೆ ಕಳುಹಿಸಿ, ಮರುದಿನ ಅಥವಾ ಬೇನೆಯು ಬಲಿತಾಗ ಮರಳಿ ಬರಹೇಳುವ ಪದ್ಧತಿಯು ಬಳಕೆಗೆ ಬಂದಿದೆ. ಹೀಗೆ ಮನೆಗೆ ಹೋಗಿ ಬಂದ ಸ್ತ್ರೀಯರು ಆ ಒಂದು ಹಗಲು ಒಂದು ರಾತ್ರಿಯ ವಿಷಯದಲ್ಲಿ ಏನು ಹೇಳುತ್ತಾರೆಂಬುದೇ ಇಲ್ಲಿಯ ವಿಚಾರ.

ಈ ವಿಚಾರವು ವೈದ್ಯಶಾಸ್ತ್ರಜ್ಞರಿಗೆ ಮಾತ್ರ ಸೇರಿದುದೆಂದು ವಾಚಕರು ತಿಳಿಯಬಾರದು. ಆಸ್ಪತ್ರೆಯ ಆಡಳಿತಗಾರರಿಗೆ ಇದು ಹಾಸಿಗೆಯ ಲೆಕ್ಕ; ವೈದ್ಯರಿಗೆ ಗಂಟೆಗಳ ಮತ್ತು ಶಸ್ತ್ರಕ್ರಿಯೆಗಳ ಲೆಕ್ಕ. ಸ್ತ್ರೀಯರ ಲೆಕ್ಕವು ಇವೆರಡಕ್ಕಿಂತ ಬೇರೆಯಾಗಿದೆ. ಮನೆಯೆಂದ ಮಾತ್ರಕ್ಕೆ ಸುಖವೆಂದೂ ಆಸ್ಪತ್ರೆಯೆಂದ ಮಾತ್ರಕ್ಕೆ ಕ್ಲೇಶವೆಂದೂ ಅವರು ಹೇಳುವುದಿಲ್ಲ. ಮನೆಗೆ ಕಳುಹಿಸಿದಾಗ ಹಾಸಿಗೆಯೊಂದಿಗೆ ಇನ್ನೊಂದು ಹೊರೆಯೂ ಸ್ಥಳಾಂತರವಾಗುತ್ತದೆ. ತನ್ನನ್ನು ತಾನೇ ಕಾಯ್ದುಕೊಳ್ಳುವ, ತನ್ನ ಬೇನೆಯನ್ನು ತಾನೇ ಅಳೆಯುವ ಹೊರೆ ಅದು. ಅದನ್ನು ಹೊರಲು ಯಾರು ಜತೆಗಿದ್ದರು, ಕರೆದಾಗ ಯಾರು ಓಗೊಟ್ಟರು ಎಂಬುದರ ಮೇಲೆಯೇ ಅವರ ಅನುಭವವು ನಿಂತಿರುವಂತೆ ನಮಗೆ ತೋರುತ್ತದೆ.

ಮೊದಲು ಕ್ರಿಯೆಯ ಸ್ವರೂಪವನ್ನು ತಿಳಿಯುವುದು ಅಗತ್ಯ. ಗರ್ಭಾಶಯದ ಕೆಳಗಿನ ಬಾಗಿಲಿನಂತಿರುವ ಗರ್ಭಕೊರಳು ಒಂಬತ್ತು ತಿಂಗಳೂ ಗಟ್ಟಿಯಾಗಿ ಮುಚ್ಚಿಕೊಂಡಿರುತ್ತದೆ. ಕೊಲಾಜೆನ್ ಎಂಬ ನಾರುಗಳು ಒತ್ತಾಗಿ ಹೆಣೆದುಕೊಂಡಿರುವುದೇ ಆ ಗಟ್ಟಿತನಕ್ಕೆ ಕಾರಣ. ದಿನ ಸಮೀಪಿಸಿದಂತೆ ನಾರುಗಳ ಹೆಣಿಗೆ ಸಡಿಲಿ, ನಡುವೆ ನೀರಿನ ಅಂಶವು ಸೇರಿ, ಕೊರಳು ಮೆತ್ತಗಾಗಿ ಗಿಡ್ಡವಾಗುತ್ತದೆ. ಕಾಯಿ ಹಣ್ಣಾಗುವುದಕ್ಕೆ ಇದನ್ನು ಹೋಲಿಸಿ 'ಪಕ್ವವಾಗುವುದು' ಎನ್ನುತ್ತಾರೆ. ಪಕ್ವವಾಗದ ಕೊರಳಿನ ಮೇಲೆ ಬೇನೆಯನ್ನು ಬಲಾತ್ಕಾರವಾಗಿ ಬರಿಸಿದರೆ ಬಾಗಿಲು ತೆರೆಯದೆ ಬರಿಯ ಆಯಾಸವುಳಿಯುವುದುಂಟು. ಆದುದರಿಂದ ಪ್ರೇರಣೆಗೆ ಎರಡು ಹಂತಗಳು: ಮೊದಲು ಕೊರಳನ್ನು ಪಕ್ವಗೊಳಿಸುವುದು, ಅನಂತರ ನೀರೊಡೆದು ಆಕ್ಸಿಟೋಸಿನ್ ಎಂಬ ಔಷಧವನ್ನು ರಕ್ತನಾಳದ ಮೂಲಕ ಹನಿಹನಿಯಾಗಿ ಕೊಟ್ಟು ಬೇನೆಯನ್ನು ನಡೆಸುವುದು. ಕೊರಳು ಎಷ್ಟು ತೆರೆದಿದೆ, ಎಷ್ಟು ಗಿಡ್ಡವಾಗಿದೆ, ಎಷ್ಟು ಮೆತ್ತಗಿದೆ, ಯಾವ ಕಡೆಗೆ ತಿರುಗಿದೆ, ಶಿಶುವಿನ ತಲೆ ಎಷ್ಟು ಇಳಿದಿದೆ ಎಂಬ ಐದು ಲಕ್ಷಣಗಳಿಗೆ ಅಂಕಗಳನ್ನು ಕೊಟ್ಟು ಪಕ್ವತೆಯನ್ನು ಅಳೆಯುವ ಕ್ರಮವನ್ನು ಎಡ್ವರ್ಡ್ ಬಿಷಪ್ ಎಂಬ ಅಮೆರಿಕದ ವೈದ್ಯನು ೧೯೬೪ರಲ್ಲಿ ಪ್ರಕಟಿಸಿದನು. ಇಂದಿಗೂ ಅದೇ ಅಳತೆ ನಡೆಯುತ್ತಿದೆ. ಎರಡನೆಯ ಹಂತವು ಮನೆಯಲ್ಲಿ ನಡೆಯತಕ್ಕದ್ದಲ್ಲ. ಮನೆಗೆ ಕಳುಹಿಸುವುದು ಮೊದಲನೆಯ ಹಂತಕ್ಕೆ ಮಾತ್ರ.

ಆಕ್ಸಿಟೋಸಿನ್ನಿನ ಕಥೆ ಹಳೆಯದು. ಪಿಟ್ಯುಟರಿ ಗ್ರಂಥಿಯ ಸಾರವು ಗರ್ಭಾಶಯವನ್ನು ಸಂಕೋಚಗೊಳಿಸುವುದೆಂದು ಹೆನ್ರಿ ಡೇಲ್ ೧೯೦೬ರಲ್ಲಿ ತೋರಿಸಿದನು. ಅದರಲ್ಲಿಯ ಸತ್ತ್ವವಾದ ಆಕ್ಸಿಟೋಸಿನ್ನನ್ನು ವಿನ್ಸೆಂಟ್ ದು ವಿನ್ಯೋ ೧೯೫೩ರಲ್ಲಿ ಪ್ರಯೋಗಶಾಲೆಯಲ್ಲಿ ರಚಿಸಿ ೧೯೫೫ರ ನೊಬೆಲ್ ಬಹುಮಾನವನ್ನು ಪಡೆದನು. ಕೊರಳನ್ನು ಪಕ್ವಗೊಳಿಸುವ ವಿದ್ಯೆ ಅದಕ್ಕಿಂತ ಕಿರಿದು. ಮೂತ್ರವನ್ನು ಹೊರತೆಗೆಯುವುದಕ್ಕಾಗಿ ಮಾಡಿದ, ತುದಿಯಲ್ಲಿ ಪುಟ್ಟ ಬುಗ್ಗೆಯುಳ್ಳ ಫೋಲಿ ನಳಿಕೆಯನ್ನು ಈ ಕೆಲಸಕ್ಕೆ ಬಳಸಬಹುದೆಂದು ಎಂಬ್ರಿ ಮತ್ತು ಮಾಲಿಸನ್ ಎಂಬವರು ೧೯೬೭ರಲ್ಲಿ ವರ್ಣಿಸಿದರು. ನಳಿಕೆಯನ್ನು ಕೊರಳಿನ ಮೂಲಕ ಒಳಸೇರಿಸಿ ಬುಗ್ಗೆಗೆ ನೀರು ತುಂಬಿದರೆ ಅದು ಒಳಗಿನಿಂದ ಕೊರಳನ್ನು ಒತ್ತುತ್ತದೆ. ಆ ಒತ್ತಡದಿಂದ ದೇಹವೇ ಪ್ರೋಸ್ಟಗ್ಲಾಂಡಿನ್ ಎಂಬ ದ್ರವ್ಯಗಳನ್ನು ಸ್ರವಿಸುತ್ತದೆ. ಆ ದ್ರವ್ಯಗಳನ್ನೇ ಔಷಧವಾಗಿ ಕೊಟ್ಟು ಬೇನೆ ಬರಿಸಬಹುದೆಂದು ಉಗಾಂಡದ ಕಂಪಾಲದಲ್ಲಿ ಕೆಲಸಮಾಡುತ್ತಿದ್ದ ಸುಲ್ತಾನ್ ಕರೀಮನು ೧೯೬೮ರಲ್ಲಿ ತೋರಿಸಿದನು. ಇಂದು ಡೈನೊಪ್ರೊಸ್ಟೋನ್ ಎಂಬುದನ್ನು ಲೇಪವಾಗಿಯೋ, ಔಷಧವನ್ನು ನಿಧಾನವಾಗಿ ಬಿಡುವ ಪಟ್ಟಿಯಾಗಿಯೋ ಯೋನಿಯಲ್ಲಿಡುತ್ತಾರೆ. ಹೊಟ್ಟೆಯ ಹುಣ್ಣಿಗಾಗಿ ಹುಟ್ಟಿದ ಮಿಸೊಪ್ರೊಸ್ಟಾಲ್ ಎಂಬ ಗುಳಿಗೆಯನ್ನು ಬಾಯಿಯ ಮೂಲಕ ಕೊಡುವುದೂ ಉಂಟು.

ಇಷ್ಟು ಕಾಲ ಆಸ್ಪತ್ರೆಯಲ್ಲಿದ್ದುದು ಈಗ ಮನೆಗೆ ಏಕೆ ಹೊರಟಿತು? ಮುಖ್ಯ ಕಾರಣವು ಸಂಖ್ಯೆ. ದಿನ ಮೀರುವವರೆಗೆ ಕಾಯದೆ ಪ್ರೇರಣೆಮಾಡುವುದರಿಂದ ಒಳ್ಳೆಯದಾಗಬಹುದೆಂದು ಈಚಿನ ದೊಡ್ಡ ಪರೀಕ್ಷೆಗಳು ಸೂಚಿಸಿವೆ. ಅಮೆರಿಕದಲ್ಲಿ ೬೧೦೬ ಚೊಚ್ಚಲು ಗರ್ಭಿಣಿಯರನ್ನೊಳಗೊಂಡು ೨೦೧೮ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ೩೯ನೆಯ ವಾರದಲ್ಲಿ ಪ್ರೇರಣೆ ಪಡೆದವರಿಗೆ ಸಿಸೇರಿಯನ್ ಶಸ್ತ್ರಕ್ರಿಯೆಯು ಕಡಿಮೆಯಾಯಿತು. ಸ್ವೀಡನ್ನಿನಲ್ಲಿ ೪೧ ಮತ್ತು ೪೨ನೆಯ ವಾರಗಳನ್ನು ಹೋಲಿಸುತ್ತಿದ್ದ ಪರೀಕ್ಷೆಯಲ್ಲಿ ಕಾದವರ ಪಂಗಡದಲ್ಲಿ ೬ ಶಿಶುಗಳು ತೀರಿಕೊಂಡು, ಮತ್ತೊಂದು ಪಂಗಡದಲ್ಲಿ ಒಂದೂ ತೀರಿಕೊಳ್ಳದಿದ್ದುದರಿಂದ ಅದನ್ನು ನಡುವೆಯೇ ನಿಲ್ಲಿಸಬೇಕಾಯಿತು. ಅದರ ವರದಿ ೨೦೧೯ರಲ್ಲಿ ಬಂದಿತು. ಇಂತಹ ಫಲಗಳಿಂದ ಪ್ರೇರಣೆಯು ಬೆಳೆಯುತ್ತ, ಇಂಗ್ಲೆಂಡಿನಲ್ಲಿ ಸುಮಾರು ಮೂರು ಹೆರಿಗೆಗಳಲ್ಲೊಂದು ಪ್ರೇರಿತವಾದುದೆನ್ನುವ ಮಟ್ಟಕ್ಕೆ ಬಂದಿದೆ. ಕೊರಳು ಪಕ್ವವಾಗಲು ಹನ್ನೆರಡರಿಂದ ಇಪ್ಪತ್ತುನಾಲ್ಕು ಗಂಟೆಗಳು ಬೇಕು. ಅಷ್ಟು ಹೊತ್ತು ಅಷ್ಟು ಮಂದಿಗೆ ಹಾಸಿಗೆಗಳಿಲ್ಲ. ಹೀಗೆ ಮನೆಯ ನೆನಪಾಯಿತು. ಮನೆಯ ಸುಖವೆಂಬ ಮಾತು ಈ ಕಾರಣಕ್ಕೆ ಆಮೇಲೆ ಜತೆಗೂಡಿದುದೋ ಮೊದಲಿನಿಂದಲೂ ಇದ್ದುದೋ ಎಂಬುದನ್ನು ಆಯಾ ಆಸ್ಪತ್ರೆಯವರೇ ಹೇಳಬೇಕು.

ಮನೆಯ ರಾತ್ರಿಯನ್ನು ತೂಗುವ ಮೊದಲು ಆಸ್ಪತ್ರೆಯ ರಾತ್ರಿಯು ಎಂತಹುದೆಂದು ನೋಡತಕ್ಕದ್ದು. ಇಂಗ್ಲೆಂಡಿನಲ್ಲಿ ಚೊಚ್ಚಲು ತಾಯಂದಿರನ್ನು ಸಂದರ್ಶಿಸಿ ೨೦೧೮ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಆ ಚಿತ್ರವು ಸ್ಪಷ್ಟವಾಗಿದೆ. ಪ್ರೇರಣೆಗೆ ಬಂದವಳನ್ನು ಹೆರಿಗೆಯ ಕೋಣೆಗಲ್ಲದೆ, ಹಲವು ಗರ್ಭಿಣಿಯರು ಪರದೆಗಳ ಮರೆಯಲ್ಲಿ ಮಲಗಿರುವ ವಾರ್ಡಿಗೆ ಸೇರಿಸುತ್ತಾರೆ. ರಾತ್ರಿಯಾದೊಡನೆ ಗಂಡನನ್ನು ಮನೆಗೆ ಕಳುಹಿಸಿಬಿಡುವ ನಿಯಮವು ಹಲವೆಡೆ ಇದ್ದಿತು. ಒಬ್ಬಳ ನರಳಿಕೆ ಮತ್ತೊಬ್ಬಳ ನಿದ್ರೆಯನ್ನು ಕೆಡಿಸುವುದು. ನರಳುವವಳಿಗೆ ಅದೇ ಒಂದು ಸಂಕೋಚ. ಬೇನೆಯೆಂದರೆ ಇನ್ನೂ ಹೆರಿಗೆ ಆರಂಭವಾಗಿಲ್ಲವೆಂಬ ಉತ್ತರ. ಆರಂಭವಾಗದುದರಿಂದ ನೋವಿನ ಉಪಶಮನಕ್ಕೂ ಜತೆಗಾರನ ಪ್ರವೇಶಕ್ಕೂ ಎಡೆಯಿಲ್ಲ. ಗರ್ಭಿಣಿಯೂ ಅಲ್ಲದ, ಹೆರುತ್ತಿರುವವಳೂ ಅಲ್ಲದ ತ್ರಿಶಂಕುಸ್ಥಿತಿಯದು. ಮನೆಗೆ ಹೋಗಬಹುದೆಂದರೆ ಅನೇಕರು ಏಕೆ ಒಪ್ಪುತ್ತಾರೆಂಬುದಕ್ಕೆ ಅರ್ಧ ಉತ್ತರವು ಇಲ್ಲಿಯೇ ಇದೆ. ಅವರು ಮನೆಯನ್ನು ಬಯಸಿದರೆನ್ನುವುದಕ್ಕಿಂತ ಆ ವಾರ್ಡನ್ನು ಬಯಸಲಿಲ್ಲವೆನ್ನುವುದು ಕೆಲವೆಡೆ ಹೆಚ್ಚು ಸರಿಯಾದೀತು.

ಮನೆಯ ಅನುಭವವನ್ನು ಕೇಳಿದ ಅಧ್ಯಯನಗಳಲ್ಲಿ ಗ್ಲಾಸ್ಗೋ ನಗರದ್ದು ವಿಲಕ್ಷಣವಾದುದು. ೨೦೦೯ರಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲಿ ೩೫೦ ಚೊಚ್ಚಲು ಗರ್ಭಿಣಿಯರು ಭಾಗವಹಿಸಿದರು. ಐಸೊಸಾರ್ಬೈಡ್ ಮಾನೊನೈಟ್ರೇಟ್ ಎಂಬ, ಹೃದ್ರೋಗಕ್ಕೆ ಕೊಡುವ ಗುಳಿಗೆಯನ್ನು ಆಸ್ಪತ್ರೆಗೆ ಬರುವುದಕ್ಕೆ ೪೮, ೩೨ ಮತ್ತು ೧೬ ಗಂಟೆಗಳ ಮುಂಚೆ ಅವರು ಮನೆಯಲ್ಲಿ ತಾವೇ ಯೋನಿಯಲ್ಲಿಟ್ಟುಕೊಳ್ಳಬೇಕಾಗಿತ್ತು. ಅರ್ಧ ಮಂದಿಗೆ ಕೊಟ್ಟುದು ಸತ್ತ್ವವಿಲ್ಲದ ಹುಸಿಗುಳಿಗೆ. ಔಷಧದಿಂದ ಆಸ್ಪತ್ರೆಗೆ ಸೇರಿದಂದಿನಿಂದ ಹೆರಿಗೆಯವರೆಗಿನ ಕಾಲವು ಕಡಿಮೆಯಾಗಲಿಲ್ಲ. ತಲೆನೋವು ಮಾತ್ರ ಹೆಚ್ಚಾಯಿತು. ಔಷಧದ ದೃಷ್ಟಿಯಿಂದ ಪರೀಕ್ಷೆಯು ನಿಷ್ಫಲವೆಂದೇ ಹೇಳಬೇಕು. ಆದರೂ ಮನೆಯಲ್ಲಿ ಚಿಕಿತ್ಸೆ ಪಡೆದುದನ್ನು ಸ್ತ್ರೀಯರು ಮೆಚ್ಚಿದರು. ಅವರಲ್ಲಿ ಕೆಲವರನ್ನು ಬೇರೆಯಾಗಿ ಸಂದರ್ಶಿಸಿದಾಗ ತಮ್ಮ ಹಾಸಿಗೆ, ತಮ್ಮ ಸ್ನಾನದ ಮನೆ, ತಮ್ಮವರ ಸಂಗ, ಕೈಗೊಂದು ಕೆಲಸ, ಹೊತ್ತು ಕಳೆಯುವ ಸ್ವಾತಂತ್ರ್ಯ ಇವುಗಳನ್ನೇ ಹೇಳಿದರು. ಔಷಧವು ಮಾಡದ ಉಪಕಾರವನ್ನು ಸ್ಥಳವು ಮಾಡಿತೆಂದು ಇದರಿಂದ ಊಹಿಸಬಹುದು. ಗುಳಿಗೆಯನ್ನು ತಾನೇ ಇಟ್ಟುಕೊಂಡವಳಿಗೆ ಕ್ರಿಯೆಯಲ್ಲಿ ತನ್ನ ಕೈಯೂ ಇದೆಯೆಂಬ ಭಾವವು ಬರುವುದೂ ಸಹಜ.

ಲಿವರ್ಪೂಲಿನವರು ಮತ್ತೊಂದು ಉಪಾಯವನ್ನು ಹೂಡಿದರು. ಔಷಧವನ್ನು ನಿಧಾನವಾಗಿ ಬಿಡುವ ಡೈನೊಪ್ರೊಸ್ಟೋನ್ ಪಟ್ಟಿಯನ್ನಿಟ್ಟು ಮನೆಗೆ ಕಳುಹಿಸುವಾಗ, ಶಿಶುವಿನ ಹೃದಯಬಡಿತವನ್ನೂ ಗರ್ಭಾಶಯದ ಸಂಕೋಚವನ್ನೂ ಗುರುತಿಸುವ ಸಣ್ಣ ಯಂತ್ರವೊಂದನ್ನು ಗರ್ಭಿಣಿಯ ಮೈಗೆ ಕಟ್ಟಿ, ಅದರ ಗುರುತುಗಳು ದೂರದಿಂದಲೇ ಆಸ್ಪತ್ರೆಗೆ ತಲಪುವಂತೆ ಏರ್ಪಡಿಸಿದರು. ೨೦೧೩ರಲ್ಲಿ ಅವರ ಸಂದರ್ಶನಗಳು ಪ್ರಕಟವಾದುವು. ಮನೆಯ ನೆಮ್ಮದಿಯಲ್ಲಿ ಬೇನೆ ಬಂದುದರಿಂದ ಇದು ತಾನಾಗಿಯೇ ಬಂದ ಹೆರಿಗೆಗೆ ಎಷ್ಟೋ ಹತ್ತಿರವಾಗಿತ್ತೆಂಬುದು ಆ ಸ್ತ್ರೀಯರ ಮಾತಿನ ಒಂದು ಎಳೆ. ತಾವು ಕಾಣದ ಯಾರೋ ಒಬ್ಬರು ಆ ಕಡೆಯಿಂದ ನೋಡುತ್ತಿದ್ದಾರೆಂಬ ಧೈರ್ಯವು ಇನ್ನೊಂದು ಎಳೆ. ಈ ಎರಡನ್ನೂ ಒಟ್ಟಿಗೆ ಓದಬೇಕು. ಪ್ರಕೃತಿಸಹಜವಾದ ಹೆರಿಗೆಯು ತಪ್ಪಿಹೋಯಿತಲ್ಲಾ ಎಂಬ ವ್ಯಥೆ ಪ್ರೇರಣೆಗೆ ಒಳಗಾದ ಅನೇಕರಲ್ಲಿದೆ. ಮನೆಯು ಅದನ್ನು ಸ್ವಲ್ಪ ಮಟ್ಟಿಗೆ ತುಂಬಿಕೊಟ್ಟಿತು. ಆದರೆ ಅದು ಬರಿಯ ಮನೆಯಲ್ಲ, ಆಸ್ಪತ್ರೆಯ ಕಣ್ಣು ತೆರೆದಿದ್ದ ಮನೆ. ಇಂತಹ ಯಂತ್ರವು ಎಲ್ಲ ಕಡೆಯೂ ಇಲ್ಲ. ಸಾಮಾನ್ಯವಾಗಿ ಮನೆಗೆ ಹೋಗುವವಳ ಕೈಯಲ್ಲಿ ಒಂದು ಕಾಗದವೂ ಅದರ ಮೇಲೊಂದು ಟೆಲಿಫೋನ್ ಸಂಖ್ಯೆಯೂ ಇರುತ್ತವೆ, ಅಷ್ಟೆ.

ಆಸ್ಟ್ರೇಲಿಯಾದಲ್ಲಿ ನಡೆದ ಪರೀಕ್ಷೆಯು ಇವೆರಡಕ್ಕಿಂತಲೂ ದೊಡ್ಡದು. ಅದರಲ್ಲಿ ೮೨೭ ಗರ್ಭಿಣಿಯರನ್ನು ಚೀಟಿ ಎತ್ತಿದಂತೆ ಎರಡು ಪಂಗಡ ಮಾಡಿ, ಪ್ರೋಸ್ಟಗ್ಲಾಂಡಿನ್ ಲೇಪವನ್ನಿಟ್ಟ ಮೇಲೆ ಒಂದು ಪಂಗಡವನ್ನು ಆಸ್ಪತ್ರೆಯಲ್ಲಿರಿಸಿಕೊಂಡು ಮತ್ತೊಂದನ್ನು ಮನೆಗೆ ಕಳುಹಿಸುವುದೆಂದು ಗೊತ್ತುಮಾಡಿದ್ದರು. ಗೊತ್ತುಮಾಡಿದವರೆಲ್ಲರೂ ಮನೆಗೆ ಹೋಗಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು: ಕೆಲವರಿಗೆ ನಿಶ್ಚಿತ ದಿನಕ್ಕೆ ಮೊದಲೇ ಬೇನೆ ಬಂದಿತು. ಇಂತಹ ಪರೀಕ್ಷೆಗಳಲ್ಲಿ ಮನೆಗೆಂದು ಕಾಗದದ ಮೇಲೆ ಬರೆದುದಕ್ಕೂ ಮನೆಯಲ್ಲಿ ನಿಜವಾಗಿ ಕಳೆದ ರಾತ್ರಿಗೂ ಇರುವ ಅಂತರವನ್ನು ಓದುವವರು ಮರೆಯಬಾರದು. ಆತಂಕ, ಖಿನ್ನತೆ ಮೊದಲಾದ ಮನೋಭಾವಗಳನ್ನು ಅಳೆದಾಗ ಎರಡು ಪಂಗಡಗಳಿಗೂ ಹೇಳತಕ್ಕಷ್ಟು ವ್ಯತ್ಯಾಸವು ಕಾಣಲಿಲ್ಲ. ಮನೆಗೆ ಕಳುಹಿಸಿದರೆ ಭಯದಿಂದ ಕಂಗೆಡುವರೆಂಬ ವಾದವೂ, ಮನೆಗೆ ಕಳುಹಿಸಿದರೆ ಭಯವೇ ಇರದೆಂಬ ವಾದವೂ ಇದರಿಂದ ಸಮವಾಗಿಯೇ ಸೋತುವು.

ಆ ಪರೀಕ್ಷೆಗೆ ಸೇರಿದಂತೆ ನಡೆದ ಇನ್ನೊಂದು ವಿಚಾರಣೆಯು ನಮಗೆ ಬಹಳ ರುಚಿಸಿತು. ಮನೆ ಬೇಕೆ, ಆಸ್ಪತ್ರೆ ಬೇಕೆ ಎಂದು ನೇರವಾಗಿ ಕೇಳಿದರೆ ಬರುವ ಉತ್ತರಕ್ಕೆ ಬೆಲೆ ಕಡಿಮೆ. ಆದುದರಿಂದ ಪ್ರಯಾಣದ ಕಾಲ, ಆಸ್ಪತ್ರೆಗೆ ಹೋಗಿಬರುವ ಸಲ, ಕೋಣೆಯ ಬಗೆ, ಸ್ನಾನದ ಮನೆಯ ಏಕಾಂತ ಇವುಗಳನ್ನು ಬೇರೆ ಬೇರೆಯಾಗಿ ಜೋಡಿಸಿ, ಈ ಜೋಡಣೆಯೋ ಆ ಜೋಡಣೆಯೋ ಎಂದು ಅವರಿಂದ ಆರಿಸಿದರು. ಮನೆಯಲ್ಲಿರುವುದಕ್ಕಾಗಿ ಒಬ್ಬಳು ಸರಾಸರಿ ೧.೪ ಸಲ ಹೆಚ್ಚಾಗಿ ಆಸ್ಪತ್ರೆಗೆ ಹೋಗಿಬರಲೂ, ಒಟ್ಟು ಸುಮಾರು ೭೩ ನಿಮಿಷಗಳ ಪ್ರಯಾಣವನ್ನು ಸಹಿಸಲೂ ಸಿದ್ಧಳೆಂದು ೨೦೧೪ರ ಆ ವರದಿಯಿಂದ ತಿಳಿದುಬರುತ್ತದೆ. ಮನೆಯ ಬೆಲೆಯನ್ನು ನಿಮಿಷಗಳಲ್ಲಿ ಕಟ್ಟಿದಂತಾಯಿತು. ಅದಕ್ಕೊಂದು ಮಿತಿಯೂ ಇದೆಯೆಂದಾಯಿತು: ಆ ದಾರಿಗಿಂತ ದೂರವಾದರೆ ಮನೆಯು ಬೇಡ. ಹಲವರೊಡನೆ ಹಂಚಿಕೊಳ್ಳುವ ವಾರ್ಡಿಗಿಂತ ಸ್ವಂತ ಕೋಣೆ, ಸ್ವಂತ ಸ್ನಾನದ ಮನೆಯುಳ್ಳ ಆಸ್ಪತ್ರೆಯ ವಸತಿಯನ್ನೂ ಅವರು ಮೆಚ್ಚಿದರು. ಸ್ತ್ರೀಯರಿಗೆ ಬೇಕಾದ ಹಲವು ಸಂಗತಿಗಳನ್ನು ಮನಸ್ಸುಮಾಡಿದರೆ ಆಸ್ಪತ್ರೆಯೇ ಕೊಡಬಹುದು.

ಮತ್ತೆ ಕೆಲವರು ಆಸ್ಪತ್ರೆಯನ್ನೇ ಬಯಸುತ್ತಾರೆ. ಅವರನ್ನು ಅಂಜುಬುರುಕರೆಂದು ತಳ್ಳಿಹಾಕುವುದು ಅನ್ಯಾಯ. ಹಿಂದೆ ಶಿಶುವನ್ನು ಕಳೆದುಕೊಂಡವಳಿಗೆ, ಮನೆಯಲ್ಲಿ ಪುಟ್ಟ ಮಕ್ಕಳ ಗಲಾಟೆಯಿರುವವಳಿಗೆ, ಒಂಟಿಯಾಗಿರುವವಳಿಗೆ, ಮನೆಯೇ ನೆಮ್ಮದಿಯ ಸ್ಥಳವಲ್ಲದವಳಿಗೆ ಗುಂಡಿಯನ್ನೊತ್ತಿದರೆ ದಾದಿ ಬರುವ ವಾರ್ಡೇ ವಿಶ್ರಾಂತಿಯಾಗಬಹುದು. ಮನೆಯೆಂಬ ಪದದ ಹಿಂದೆ ಇರುವ ಮನೆಗಳು ಒಂದೇ ತೆರನಲ್ಲ.

ಇನ್ನು ಹೊರೆಯ ವಿಚಾರ. ಬುಗ್ಗೆಯ ನಳಿಕೆಯನ್ನಿಟ್ಟುಕೊಂಡು ಹೊರಟವಳನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಆಸ್ಪತ್ರೆಯಲ್ಲಿ ಮೊದಲು ಶಿಶುವಿನ ಹೃದಯಬಡಿತವನ್ನು ನೋಡಿ, ನಳಿಕೆಯನ್ನು ಸೇರಿಸಿ, ಬುಗ್ಗೆಗೆ ನೀರು ತುಂಬಿ, ಹೊರಗುಳಿದ ತುದಿಯನ್ನು ತೊಡೆಗೆ ಅಂಟಿಸಿ, ಮತ್ತೊಮ್ಮೆ ಬಡಿತವನ್ನು ನೋಡಿ ಕಳುಹಿಸುತ್ತಾರೆ. ನಡೆಯಬಹುದು, ಉಣ್ಣಬಹುದು, ಮೀಯಬಹುದು. ನೀರೊಡೆದರೆ, ರಕ್ತ ಹೋದರೆ, ಜ್ವರ ಬಂದರೆ, ಶಿಶುವಿನ ಮಿಸುಕಾಟ ಕಡಿಮೆಯಾದರೆ, ಬೇನೆ ಬಲಿತರೆ, ಬುಗ್ಗೆಯು ತಾನೇ ಜಾರಿ ಹೊರಬಂದರೆ ಟೆಲಿಫೋನ್ ಮಾಡಬೇಕು. ಓದಿದರೆ ಸುಲಭವಾದ ಪಟ್ಟಿ. ಆದರೆ ಚೊಚ್ಚಲಿನವಳು ರಾತ್ರಿ ಎರಡು ಗಂಟೆಗೆ ಇದನ್ನು ಕೈಯಲ್ಲಿ ಹಿಡಿದು ಕುಳಿತರೆ ಪ್ರತಿಯೊಂದು ಮಾತೂ ಒಂದು ಪ್ರಶ್ನೆ. ಎಷ್ಟು ರಕ್ತವೆಂದರೆ ಹೆಚ್ಚು? ಮಿಸುಕಾಟ ಕಡಿಮೆಯಾದುದೋ ಮಗು ಮಲಗಿದೆಯೋ? ಬಲಿತ ಬೇನೆಯನ್ನು ಹಿಂದೆಂದೂ ಕಾಣದವಳು ಇದು ಬಲಿತುದೆಂದು ಹೇಗೆ ಬಲ್ಲಳು? ಆಸ್ಪತ್ರೆಯಲ್ಲಿ ದಾದಿಯ ಕೆಲಸವಾಗಿದ್ದ ವಿವೇಚನೆಯು ಇಲ್ಲಿ ಗರ್ಭಿಣಿಯ ಕೆಲಸವಾಯಿತು. ಪಕ್ಕದಲ್ಲಿ ನಿದ್ರೆಗೆಟ್ಟು ಕುಳಿತ ಗಂಡನ ಅಥವಾ ತಾಯಿಯ ಕೆಲಸವೂ ಆಯಿತು. ಜತೆಗಾರನು ಬಳಿಯಿದ್ದುದೇ ಮನೆಯ ದೊಡ್ಡ ಲಾಭವೆಂದು ಸ್ತ್ರೀಯರು ಹೇಳುತ್ತಾರೆ, ನಿಜ. ಆ ಜತೆಗಾರನಿಗೆ ಏನು ಕಲಿಸಿ ಕಳುಹಿಸಿದರೆಂದು ಕೇಳಿದವರು ಕಡಿಮೆ.

ಹೀಗಾಗಿ ಟೆಲಿಫೋನಿನ ಆ ಕಡೆಯ ದನಿಯು ಈ ಪದ್ಧತಿಯ ಪ್ರಾಣವಾಗುತ್ತದೆ. ಬ್ರಿಟನ್ನಿನಲ್ಲಿ ಮನೆಯ ಮತ್ತು ಆಸ್ಪತ್ರೆಯ ಪ್ರೇರಣೆಗಳೆರಡನ್ನೂ ಕುರಿತು ಸ್ತ್ರೀಯರು ಹೇಳಿರುವ ಮಾತುಗಳಲ್ಲಿ ಪದೇಪದೇ ಬರುವ ದೂರುಗಳು ಮೂರು: ಮುಂದೆ ಏನಾಗುವುದೆಂದು ಮೊದಲೇ ತಿಳಿಸಲಿಲ್ಲ, ಆರಿಸಿಕೊಳ್ಳಿರೆಂದು ನಿಜವಾಗಿ ಕೇಳಲಿಲ್ಲ, ನೋವೆಂದು ಹೇಳಿದಾಗ ನಂಬಲಿಲ್ಲ. ಮೂರನೆಯದು ಮನೆಯಲ್ಲಿರುವವಳಿಗೆ ಹೆಚ್ಚು ತಾಗುತ್ತದೆ, ಏತಕ್ಕೆಂದರೆ ಅವಳ ಮುಖವನ್ನು ಅತ್ತಣವರು ಕಾಣರು. ಇನ್ನೂ ಹೊತ್ತಿದೆ, ಬಿಸಿನೀರಿನಲ್ಲಿ ಮಿಂದು ಮಲಗಿರಿ ಎಂಬ ಉತ್ತರವು ಒಬ್ಬಳಿಗೆ ಸಮಾಧಾನ, ಮತ್ತೊಬ್ಬಳಿಗೆ ಬಾಗಿಲು ಮುಚ್ಚಿದಂತೆ. ಎರಡು ಬಾರಿ ಹಾಗೆ ಕೇಳಿಸಿಕೊಂಡವಳು ಮೂರನೆಯ ಬಾರಿ ಕರೆಯಲು ಹಿಂಜರಿಯುವಳು. ನಮ್ಮ ದೃಷ್ಟಿಯಲ್ಲಿ ಈ ಪದ್ಧತಿಯ ನಿಜವಾದ ಅಪಾಯವು ಔಷಧಕ್ಕಿಂತ ಹೆಚ್ಚಾಗಿ ಈ ಹಿಂಜರಿಕೆಯಲ್ಲಿದೆ.

ಇಲ್ಲಿ ಭಾಷೆಯ ಮಾತೊಂದನ್ನು ಹೇಳುವುದು ಅಪ್ರಸ್ತುತವಾಗದು. ಹೆರಿಗೆಯ ಈ ಅವಸ್ಥೆಗೆ ಇಂಗ್ಲಿಷಿನವರು ದುಡಿಮೆಯೆಂಬ ಅರ್ಥದ ಪದವನ್ನು ಬಳಸುತ್ತಾರೆ. ಕನ್ನಡದಲ್ಲಿ ಅದರ ಹೆಸರೇ ನೋವು, ಬೇನೆ. 'ನೋವು ಬಂದಿದೆ' ಎಂದರೆ ಹೆರಿಗೆ ತೊಡಗಿದೆಯೆಂದೇ ಅರ್ಥ. ಪ್ರೇರಣೆಯನ್ನೂ ನಮ್ಮವರು 'ನೋವು ಬರಿಸುವುದು' ಎನ್ನುತ್ತಾರೆ. ಬ್ರಿಟನ್ನಿನ ಮಾರ್ಗದರ್ಶಿಯ ಪ್ರಕಾರ ಕೊರಳು ೪ ಸೆಂಟಿಮೀಟರ್ ತೆರೆದು ಬೇನೆಯು ಕ್ರಮವಾಗಿ ಬರುತ್ತಿದ್ದರೆ ಮಾತ್ರ ಹೆರಿಗೆಯು ನೆಲೆಗೊಂಡಂತೆ; ವಿಶ್ವ ಆರೋಗ್ಯ ಸಂಸ್ಥೆಯು ೨೦೧೮ರಲ್ಲಿ ಆ ಗೆರೆಯನ್ನು ೫ ಸೆಂಟಿಮೀಟರಿಗೆ ಎಳೆಯಿತು. ಅದಕ್ಕೆ ಮುಂಚೆ ಎಷ್ಟೇ ನೊಂದರೂ ಶಾಸ್ತ್ರದ ಲೆಕ್ಕಕ್ಕೆ ಅದು ಪೂರ್ವರಂಗ. ಈ ಮಾತನ್ನು ಕನ್ನಡಕ್ಕೆ ತರಹೊರಟರೆ 'ನಿಮಗೆ ನೋವಿದೆ, ಆದರೆ ನೋವು ಬಂದಿಲ್ಲ' ಎಂದಾಗುತ್ತದೆ. ಕೇಳಲು ವಿನೋದವಾಗಿದೆ, ಆದರೆ ಟೆಲಿಫೋನಿನ ಎರಡು ತುದಿಗಳಲ್ಲಿ ನಡೆಯುವ ಜಗಳದ ಮೂಲವು ಅದರಲ್ಲಿ ಬಿಚ್ಚಿಟ್ಟಂತಿದೆ. ಒಬ್ಬರು ಬೆರಳಿನ ಅಳತೆಯನ್ನು ಹೇಳುತ್ತಿದ್ದಾರೆ, ಇನ್ನೊಬ್ಬರು ಮೈಯ ಅಳತೆಯನ್ನು. ಅಕಾಲದ ಬೇನೆಗೆ ನಮ್ಮಲ್ಲಿ 'ಸುಳ್ಳು ನೋವು' ಎಂಬ ಮಾತಿದೆ. ಔಷಧದಿಂದ ಬರಿಸಿದ ಮೊದಲ ಹಂತದ ಬೇನೆಗೆ ಆ ಹೆಸರನ್ನು ಎಂದಿಗೂ ಬಳಸಕೂಡದು. ಅದನ್ನು ಬರಿಸಿದವರು ವೈದ್ಯರೇ ಅಲ್ಲವೆ? 'ಹೊರರೋಗಿ' ಎಂಬ ಪದವೂ ಇಲ್ಲಿ ಒಪ್ಪುವುದಿಲ್ಲ. ಅವಳು ರೋಗಿಯಲ್ಲ, ಪ್ರೇರಣೆ ಮೊದಲಾದ ಮೇಲೆ ಆಸ್ಪತ್ರೆಯ ಹೊಣೆಗೆ ಹೊರಗಿನವಳೂ ಅಲ್ಲ.

ಮರಳಿ ಬಂದ ಮೇಲಿನ ಕಥೆಯನ್ನು ಅಧ್ಯಯನಗಳು ಕೆಲವು ವೇಳೆ ಬಿಟ್ಟುಬಿಡುತ್ತವೆ, ಸ್ತ್ರೀಯರು ಬಿಡುವುದಿಲ್ಲ. ರಾತ್ರಿಯೆಲ್ಲ ಮನೆಯಲ್ಲಿ ಕಾದು ಬೆಳಗ್ಗೆ ಹೇಳಿದ ಹೊತ್ತಿಗೆ ಬಂದರೆ ಹೆರಿಗೆಯ ಕೋಣೆ ತೆರವಾಗಿಲ್ಲ, ನೀರೊಡೆಯಲು ದಾದಿಗೆ ಬಿಡುವಿಲ್ಲ ಎಂದು ಹಲವು ಗಂಟೆಗಳು, ಒಮ್ಮೊಮ್ಮೆ ಒಂದೆರಡು ದಿನಗಳೇ ಕಳೆಯುತ್ತವೆ. ಬಿಡುವಿಲ್ಲದ ಆಸ್ಪತ್ರೆಯಲ್ಲಿ ಇದು ತಪ್ಪಿದ್ದಲ್ಲವೆಂದು ಹೇಳುವರು. ಹಾಗಿದ್ದರೆ ಮನೆಯಲ್ಲಿ ಉಳಿಸಿದ ಹಾಸಿಗೆಯ ಲೆಕ್ಕದಲ್ಲಿ ಈ ಕಾಯುವಿಕೆಯನ್ನೂ ಸೇರಿಸಬೇಕು.

ಸುರಕ್ಷಿತತೆಯ ವಿಷಯದಲ್ಲಿ ಹೇಳಬಹುದಾದುದು ಸ್ವಲ್ಪ. ಪ್ರೋಸ್ಟಗ್ಲಾಂಡಿನ್ನುಗಳು ಒಮ್ಮೊಮ್ಮೆ ಗರ್ಭಾಶಯವನ್ನು ಬಿಡುವಿಲ್ಲದೆ ಸಂಕೋಚಗೊಳಿಸಿ ಶಿಶುವಿಗೆ ಹರಿಯುವ ರಕ್ತವನ್ನು ಕುಗ್ಗಿಸಬಹುದು. ಬುಗ್ಗೆಯಲ್ಲಿ ಈ ಭಯವು ಬಹು ಕಡಿಮೆ. ಆದುದರಿಂದಲೇ ಮನೆಗೆ ಕಳುಹಿಸುವವರು ಬುಗ್ಗೆಯ ಕಡೆಗೆ ಹೆಚ್ಚು ಒಲಿಯುತ್ತಿದ್ದಾರೆ. ಡೆನ್ಮಾರ್ಕಿನಲ್ಲಿ ಮಾತ್ರ ಮಿಸೊಪ್ರೊಸ್ಟಾಲ್ ಗುಳಿಗೆಯನ್ನೇ ಮನೆಗೆ ಕೊಟ್ಟು ಕಳುಹಿಸುವುದು ರೂಢಿಯಾಯಿತು. ಮನೆಯನ್ನೂ ಆಸ್ಪತ್ರೆಯನ್ನೂ ಹೋಲಿಸಿದ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿದ ಕಾಕ್ರೇನ್ ಸಂಸ್ಥೆಯ ೨೦೨೦ರ ವಿಮರ್ಶೆಗೆ ಏಳು ಪರೀಕ್ಷೆಗಳೂ ೧೬೧೦ ಸ್ತ್ರೀಯರ ವಿವರಗಳೂ ದೊರೆತುವು. ಸ್ಪಷ್ಟವಾದ ವ್ಯತ್ಯಾಸವೇನೂ ಕಾಣಲಿಲ್ಲ. ಆದರೆ ಅಪರೂಪದ ಅಪಾಯಗಳನ್ನು ಕಂಡುಹಿಡಿಯಲು ಆ ಸಂಖ್ಯೆಯು ಸಾಲದು. ವಿಶ್ವ ಆರೋಗ್ಯ ಸಂಸ್ಥೆಯು ೨೦೧೧ರಲ್ಲಿ ಹೆರಿಗೆಯ ಫಲವನ್ನು ಉತ್ತಮಗೊಳಿಸುವುದಕ್ಕಾಗಿ ಈ ಪದ್ಧತಿಯನ್ನು ಶಿಫಾರಸುಮಾಡಲಿಲ್ಲ. ಪ್ರೋಸ್ಟಗ್ಲಾಂಡಿನ್ ಪಡೆದವಳನ್ನು ಎಂದಿಗೂ ಒಂಟಿಯಾಗಿ ಬಿಡಬಾರದೆಂದೂ ಹೇಳಿತು. ಬ್ರಿಟನ್ನಿನ ರಾಷ್ಟ್ರೀಯ ಮಾರ್ಗದರ್ಶಿಯು ೨೦೨೧ರಲ್ಲಿ, ಬೇರೆ ಕಾಯಿಲೆಯಾಗಲಿ ಗರ್ಭದ ತೊಡಕಾಗಲಿ ಇಲ್ಲದವರಿಗೆ ಇದನ್ನು ಪರಿಶೀಲಿಸಬಹುದೆಂದಿತು.

ನಮ್ಮ ನಾಡಿನ ವಾಚಕರಿಗೆ ಇದನ್ನು ಓದುವಾಗ ಹಿಂದಿನ ಮನೆಯ ಹೆರಿಗೆಯು ನೆನಪಾಗಬಹುದು. ಆದರೆ ಎರಡಕ್ಕೂ ಹೋಲಿಕೆಯು ಹೆಸರಿನಲ್ಲಿ ಮಾತ್ರ. ತವರಿಗೆ ಬಂದ ಚೊಚ್ಚಲು ಬಸುರಿಗೆ ಮನೆಯೇ ಗುರಿ; ಸೂಲಗಿತ್ತಿಯು ಬೇನೆಯ ಮೊದಲಿನಿಂದ ಬಳಿಯಲ್ಲಿಯೇ ಕುಳಿತಿರುತ್ತಿದ್ದಳು. ಅವಳ ವಿದ್ಯೆಯ ಕೊರತೆಯಿಂದ ತಾಯಂದಿರು ಸತ್ತುದುಂಟು, ಅದನ್ನು ಮರೆಯುವಂತಿಲ್ಲ. ಆದರೆ ಹೊತ್ತಾಯಿತೇ ಇಲ್ಲವೇ ಎಂದು ಬಸುರಿಯು ಒಬ್ಬಳೇ ನಿರ್ಣಯಿಸಬೇಕಾಗಿರಲಿಲ್ಲ. ಈ ಹೊಸ ಪದ್ಧತಿಯಲ್ಲಿ ಮನೆಯು ದಾರಿಯ ನಡುವಿನ ತಂಗುದಾಣ, ಸೂಲಗಿತ್ತಿಯ ಜಾಗದಲ್ಲಿ ಟೆಲಿಫೋನು. ನಮ್ಮ ದೇಶದಲ್ಲಿ ಪ್ರೇರಣೆಯನ್ನು ಕುರಿತು ಒಳ್ಳೆಯ ಪರೀಕ್ಷೆಗಳು ನಡೆದಿಲ್ಲವೆಂದಲ್ಲ. ನಾಗಪುರದ ಎರಡು ಸರ್ಕಾರಿ ಆಸ್ಪತ್ರೆಗಳಲ್ಲಿ ರಕ್ತದ ಒತ್ತಡವೇರಿದ ೬೦೨ ಗರ್ಭಿಣಿಯರಲ್ಲಿ ಫೋಲಿ ನಳಿಕೆಯನ್ನೂ ಮಿಸೊಪ್ರೊಸ್ಟಾಲ್ ಗುಳಿಗೆಯನ್ನೂ ಹೋಲಿಸಿ ೨೦೧೭ರಲ್ಲಿ ಪ್ರಕಟಿಸಿದ ಪರೀಕ್ಷೆಯು ಪ್ರಪಂಚದಲ್ಲೆಲ್ಲ ಓದಲ್ಪಟ್ಟಿದೆ. ಅದರಲ್ಲಿ ಗುಳಿಗೆಯೇ ಮೇಲೆನಿಸಿತು. ಆದರೆ ಅವರೆಲ್ಲರೂ ಆಸ್ಪತ್ರೆಯಲ್ಲಿದ್ದವರು, ಅಪಾಯವುಳ್ಳವರು, ಮನೆಗೆ ಕಳುಹಿಸತಕ್ಕವರಲ್ಲ.

ಇಲ್ಲಿ ಉದಾಹರಿಸಿದ ಸಂದರ್ಶನಗಳಲ್ಲಿ ಮಾತಾಡಿದವರು ಬಹುಮಟ್ಟಿಗೆ ಇಂಗ್ಲಿಷನ್ನು ಬಲ್ಲವರು, ವೈದ್ಯರು ಯೋಗ್ಯರೆಂದು ಆರಿಸಿದವರು, ಪರೀಕ್ಷೆಗೆ ತಾವಾಗಿ ಒಪ್ಪಿದವರು. ಭಾಷೆ ಬಾರದ ಊರಿನಲ್ಲಿ ಬಸುರಿಯಾದವಳು ರಾತ್ರಿ ಟೆಲಿಫೋನನ್ನೆತ್ತಿ ತನ್ನ ಬೇನೆಯನ್ನು ಯಾವ ಮಾತಿನಲ್ಲಿ ಹೇಳಿದಳು, ಆ ಕಡೆಯವರು ಏನೆಂದು ತಿಳಿದರು ಎಂಬುದು ಈ ಬರಹಗಳಲ್ಲಿ ಬಹಳ ವಿರಳ. ಲಂಡನ್ನಿನಲ್ಲಿಯೂ ಮೆಲ್ಬರ್ನಿನಲ್ಲಿಯೂ ನೆಲಸಿರುವ ಕನ್ನಡದ ಹೆಣ್ಣುಮಕ್ಕಳಲ್ಲಿ ಹೀಗೆ ಮನೆಗೆ ಹೋಗಿ ಬಂದವರು ಇದ್ದಾರು. ಹೆರಿಗೆಗೆಂದು ಊರಿನಿಂದ ಬಂದ ಅವರ ತಾಯಂದಿರು ಆ ರಾತ್ರಿ 'ನೋವು ಬಂದಿದೆ' ಎಂದುದನ್ನು ಅಳಿಯನು ಟೆಲಿಫೋನಿನಲ್ಲಿ ಹೇಗೆ ಭಾಷಾಂತರಿಸಿದನೆಂದು ಯಾರಾದರೂ ಕೇಳಿ ಬರೆದಿಡಬೇಕಾಗಿದೆ.